ಜಮೈಕಾಕ್ಕೆ ಹೋಗುವ ಹಡಗಿಗೆ ಯಾವ ಬಂದರು?

ಪ್ರಶ್ನೆ: ನಾನು ಕುಂದಾಪುರದವನು. ದುಬೈಯಲ್ಲಿ ಒಂದು ಹಡಗು ನಿರ್ವಹಣೆ ಕಚೇರಿಯಲ್ಲಿ ಆಪರೇಷನ್ಸ್ ನೋಡಿಕೊಳ್ಳುತ್ತೇನೆ. ನಮ್ಮ 38,000 ಟನ್ ಸಾಮರ್ಥ್ಯದ ಹ್ಯಾಂಡಿಸೈಜ್ ಬಲ್ಕ್ ಹಡಗು (ಉದ್ದ 180 ಮೀಟರ್, ಅಗಲ 30 ಮೀಟರ್, ಐದು ಹೋಲ್ಡ್ ಅಂದರೆ ಸರಕಿನ ಕೋಣೆ, 30 ಟನ್ನಿನ ನಾಲ್ಕು ಕ್ರೇನ್) ಟರ್ಕಿಯಿಂದ 14,000 ಟನ್ ಕಟ್ಟಡದ ಕಬ್ಬಿಣ ತೆಗೆದುಕೊಂಡು ಜಮೈಕಾಕ್ಕೆ ಹೋಗಬೇಕು. ಚಾರ್ಟರ್ ಪಾರ್ಟಿಯಲ್ಲಿ (ಹಡಗಿನ ಬಾಡಿಗೆ ಕರಾರಿನಲ್ಲಿ) ‘ಜಮೈಕಾದ ಒಂದು ಅಥವಾ ಎರಡು ಸುರಕ್ಷಿತ ಬಂದರು’ ಎಂದಷ್ಟೇ ಇದೆ. ಸುಮಾರು 8,000 ಟನ್ ಕಿಂಗ್‌ಸ್ಟನ್ ಕಡೆಗೆ, 6,000 ಟನ್ ದ್ವೀಪದ ಪಶ್ಚಿಮ ಭಾಗಕ್ಕೆ. ಖಾಲಿಯಾದ ಮೇಲೆ ಅಲ್ಲಿಯೇ ಅಲ್ಯೂಮಿನಾ (ಅಲ್ಯೂಮಿನಿಯಂ ತಯಾರಿಸುವ ಪುಡಿ) ತುಂಬುವ ಮಾತೂ ನಡೆದಿದೆ. ನಕಾಶೆಯಲ್ಲಿ ಹತ್ತಾರು ಬಂದರು ಕಾಣುತ್ತವೆ. ಆರಿಸುವುದು ಹೇಗೆ?

ಉತ್ತರ: ನಕಾಶೆ ಮಡಚಿಟ್ಟು ಶುರು ಮಾಡಿ. ಜಮೈಕಾ ಸುಮಾರು 235 ಕಿ.ಮೀ. ಉದ್ದದ ದ್ವೀಪ. ಕರಾವಳಿಯ ಸುತ್ತ ಬಂದರಿನ ಹೆಸರುಗಳು ಬಹಳ ಇವೆ, ಆದರೆ ಅವುಗಳಲ್ಲಿ ಹೆಚ್ಚಿನವು ಒಂದೊಂದು ಕಾರ್ಖಾನೆಯ ಸ್ವಂತ ಧಕ್ಕೆಗಳು (ಹಡಗು ಕಟ್ಟಿ ಸರಕು ಏರಿಸಿ ಇಳಿಸುವ ಕಟ್ಟೆಗಳು) ಅಥವಾ ಪ್ರವಾಸಿ ಹಡಗುಗಳಿಗೆಂದೇ ಕಟ್ಟಿದವು. ಅಲ್ಲಿ ನೀರು ಎಷ್ಟೇ ಆಳವಿರಲಿ, ನಿಮ್ಮ ಕಬ್ಬಿಣಕ್ಕೆ ಜಾಗವಿಲ್ಲ. ಆದ್ದರಿಂದ ಮೊದಲ ಪ್ರಶ್ನೆ ‘ಆಳ ಎಷ್ಟು’ ಎಂದಲ್ಲ, ‘ಈ ಧಕ್ಕೆ ಯಾರದು, ಯಾವ ಸರಕಿಗೆ’ ಎಂಬುದು. ಈ ಜರಡಿಯಲ್ಲಿ ಸೋಸಿದರೆ ಸಾಮಾನ್ಯ ಸರಕಿಗೆ ಉಳಿಯುವುದು ಎರಡೇ: ಆಗ್ನೇಯದ ಕಿಂಗ್‌ಸ್ಟನ್, ವಾಯವ್ಯದ ಮಾಂಟೆಗೋ ಬೇ.

ಉಳಿದವನ್ನು ಬೇಗ ಮುಗಿಸೋಣ. ಉತ್ತರ ತೀರದ ಡಿಸ್ಕವರಿ ಬೇ ಬಾಕ್ಸೈಟ್ ಅದಿರಿನ ಬಂದರು. ಅಲ್ಲಿಂದ ಅದಿರು ಮುಖ್ಯವಾಗಿ ಅಮೆರಿಕದ ಲೂಯಿಸಿಯಾನಾ ರಾಜ್ಯದ ಗ್ರಾಮರ್ಸಿ ಕಾರ್ಖಾನೆಗೆ ಹೋಗುತ್ತದೆ. ದಕ್ಷಿಣ ತೀರದಲ್ಲಿ ಪೋರ್ಟ್ ಎಸ್ಕಿವೆಲ್ ಮತ್ತು ರಾಕಿ ಪಾಯಿಂಟ್ ಅಲ್ಯೂಮಿನಾದವು. ನಿಮ್ಮ ಎರಡನೇ ಹಂತಕ್ಕೆ ಇವು ಬೇಕಾಗುತ್ತವೆ, ಆಮೇಲೆ ಬರೋಣ. ಇನ್ನೂ ಪಶ್ಚಿಮಕ್ಕಿರುವ ಪೋರ್ಟ್ ಕೈಸರ್ ಆಲ್ಪಾರ್ಟ್ ಅಲ್ಯೂಮಿನಾ ಕಾರ್ಖಾನೆಗೆ ಸೇರಿದ್ದು. ಆ ಕಾರ್ಖಾನೆ 2019ರಲ್ಲಿ ಉತ್ಪಾದನೆ ನಿಲ್ಲಿಸಿತು. ಫಾಲ್ಮತ್ 2011ರಲ್ಲಿ ತೆರೆದ ಕ್ರೂಸ್ ಬಂದರು, ಓಚೊ ರಿಯೋಸ್ ಕೂಡ ಬಹುಮಟ್ಟಿಗೆ ಅದೇ ದಾರಿಯದು. ಪೋರ್ಟ್ ಆಂಟೋನಿಯೊ ಬಾಳೆಹಣ್ಣಿನ ಕಾಲದಲ್ಲಿ ದೊಡ್ಡ ಹೆಸರು, ಇಂದು ನಿಮ್ಮ ಅಳತೆಯ ಹಡಗಿನ ಯೋಚನೆಗೇ ಬರಬೇಕಿಲ್ಲ. ಓಲ್ಡ್ ಹಾರ್ಬರ್ ಕೊಲ್ಲಿಯಲ್ಲಿ ಈಗ ದ್ರವ ನೈಸರ್ಗಿಕ ಅನಿಲದ ತೇಲುವ ಟರ್ಮಿನಲ್ ಇದೆ. 1845ರ ಮೇ 10ರಂದು ಭಾರತದಿಂದ ಕರಾರು ಕೂಲಿಗಳನ್ನು ಹೊತ್ತ ಮೊದಲ ಹಡಗು ಬಂದು ನಿಂತದ್ದು ಇದೇ ಕೊಲ್ಲಿಯಲ್ಲಿ. ಜಮೈಕಾದಲ್ಲಿ ಆ ದಿನವನ್ನು ಇಂದಿಗೂ ಭಾರತೀಯ ಪರಂಪರೆಯ ದಿನವಾಗಿ ಆಚರಿಸುತ್ತಾರೆ. ಹಡಗಿನ ಕೆಲಸ ಮಾಡುವ ನಮ್ಮ ಕಡೆಯವರಿಗೆ ಇದು ತಿಳಿದಿರಲಿ.

ಇನ್ನು ಕಿಂಗ್‌ಸ್ಟನ್. ಚಾರ್ಟರರ್, ಅಂದರೆ ಹಡಗನ್ನು ಬಾಡಿಗೆಗೆ ಪಡೆದವರು, ‘ಕಿಂಗ್‌ಸ್ಟನ್’ ಎಂದು ಬರೆದರೆ ನಿಮ್ಮ ಕೆಲಸ ಮುಗಿಯಲಿಲ್ಲ, ಅಲ್ಲಿಂದಲೇ ಶುರು. ಆ ಒಂದು ಹೆಸರಿನೊಳಗೆ ಬೇರೆ ಬೇರೆ ಮಾಲೀಕರ ಧಕ್ಕೆಗಳಿವೆ. ದೊಡ್ಡ ಕಂಟೇನರ್ ಟರ್ಮಿನಲ್ ಅನ್ನು 2016ರ ಜುಲೈ 1ರಿಂದ 30 ವರ್ಷಗಳ ಗುತ್ತಿಗೆಯ ಮೇಲೆ ಫ್ರೆಂಚ್ ಹಡಗು ಕಂಪನಿ ಸಿಎಂಎ ಸಿಜಿಎಂ ಗುಂಪಿನ ಕಿಂಗ್‌ಸ್ಟನ್ ಫ್ರೀಪೋರ್ಟ್ ಟರ್ಮಿನಲ್ ನಡೆಸುತ್ತಿದೆ. ಪನಾಮಾ ಕಾಲುವೆಯ ಹೊಸ ಲಾಕ್‌ಗಳು ತೆರೆದದ್ದೂ ಅದೇ 2016ರ ಜೂನ್‌ನಲ್ಲಿ. ಕಾಲುವೆಯ ಬಾಯಿ ಇಲ್ಲಿಂದ ಸುಮಾರು 550 ನಾಟಿಕಲ್ ಮೈಲಿ, ಹಾಗಾಗಿ ದೊಡ್ಡ ಹಡಗಿನಿಂದ ಸಣ್ಣ ಹಡಗಿಗೆ ಕಂಟೇನರ್ ಬದಲಾಯಿಸುವುದೇ ಇದರ ಜೀವಾಳ. ನಿಮ್ಮ ಸರಕಿಗೆ ಅಲ್ಲಿ ಕೆಲಸವಿಲ್ಲ. ನಗರದ ಪೂರ್ವ ಬದಿಯ ರಾಕ್‌ಫೋರ್ಟ್‌ನಲ್ಲಿ ಸಿಮೆಂಟ್ ಕಾರ್ಖಾನೆಗೂ ಹಿಟ್ಟಿನ ಗಿರಣಿಗೂ ಸ್ವಂತ ಧಕ್ಕೆಗಳಿವೆ. ತೈಲ ಶುದ್ಧೀಕರಣಾಗಾರ ಪೆಟ್ರೋಜಾಮ್‌ನದು ಮತ್ತೊಂದು. ಇವೂ ಬೇಡ. ನಿಮಗೆ ಬೇಕಾದದ್ದು ನ್ಯೂಪೋರ್ಟ್ ವೆಸ್ಟ್‌ನಲ್ಲಿರುವ ಕಿಂಗ್‌ಸ್ಟನ್ ವಾರ್ವ್ಸ್‌ನ ಒಂಬತ್ತು ಬರ್ತ್‌ಗಳ (ಹಡಗು ನಿಲ್ಲುವ ಜಾಗಗಳ) ಬಹೂಪಯೋಗಿ ಟರ್ಮಿನಲ್. ಕಾರು, ಕಬ್ಬಿಣ, ಮರ, ಕಂಟೇನರ್, ಚೀಲದ ಸರಕು ಎಲ್ಲವೂ ಅಲ್ಲೇ. ಒಪ್ಪಂದದಲ್ಲಿ ಬಂದರಿನ ಹೆಸರಿನ ಜೊತೆ ಟರ್ಮಿನಲ್ ಹೆಸರು, ಸಾಧ್ಯವಾದರೆ ಬರ್ತ್ ಸಂಖ್ಯೆಯನ್ನೂ ಬರೆಸಿಕೊಳ್ಳಿ. ಒಂಬತ್ತು ಬರ್ತ್‌ಗಳಿಗೂ ಒಂದೇ ಆಳ ಇರುತ್ತದೆ ಎಂದು ಊಹಿಸುವುದು ಹೊಸಬರು ಮಾಡುವ ಮಾಮೂಲಿ ತಪ್ಪು.

ಕಿಂಗ್‌ಸ್ಟನ್‌ನ ದೊಡ್ಡ ಗುಣ ಅದರ ಆಶ್ರಯ. ಪ್ಯಾಲಿಸಾಡೋಸ್ ಎಂಬ ಉದ್ದನೆಯ ಮರಳಿನ ನಾಲಗೆ ಬಂದರನ್ನು ತೆರೆದ ಕಡಲಿನಿಂದ ಬೇರ್ಪಡಿಸುತ್ತದೆ. ವಿಮಾನ ನಿಲ್ದಾಣ ಇರುವುದೂ ಅದರ ಮೇಲೆಯೇ. ತುದಿಯಲ್ಲಿ ಪೋರ್ಟ್ ರಾಯಲ್. 1692ರ ಭೂಕಂಪದಲ್ಲಿ ಆ ಪಟ್ಟಣದ ಬಹುಭಾಗ ನೀರಿಗಿಳಿಯಿತು. ಒಳಗೆ ಬಂದ ಹಡಗಿಗೆ ಅಲೆಯ ಕಾಟವಿಲ್ಲ. ಆದರೆ ಒಳಗೆ ಬರುವ ದಾರಿ ಸರಳವಲ್ಲ. ಪೋರ್ಟ್ ರಾಯಲ್‌ನ ಹೊರಗೆ ಲೈಮ್ ಕೇ, ಗನ್ ಕೇ, ರ‍್ಯಾಕಮ್ಸ್ ಕೇ ಮುಂತಾದ ಪುಟ್ಟ ದ್ವೀಪಗಳೂ ಹವಳದ ದಿಬ್ಬಗಳೂ ಹರಡಿಕೊಂಡಿವೆ. ಪೈಲಟ್ (ದಾರಿ ತೋರಿಸಲು ಹಡಗು ಹತ್ತುವ ಸ್ಥಳೀಯ ನಾವಿಕ) ಕಡ್ಡಾಯ, ಪೋರ್ಟ್ ಅಥಾರಿಟಿ ಆಫ್ ಜಮೈಕಾ ಕೊಡುತ್ತದೆ. ಪೈಲಟ್ ಹತ್ತುವ ಜಾಗಕ್ಕೆ ಮುಂಚೆಯೇ ಹೋಗಿ ದಿಬ್ಬಗಳ ಪಕ್ಕ ಸುತ್ತು ಹಾಕುತ್ತ ಕಾಯಬೇಡಿ. ಹೊರಗಿನ ಆಳ ನೀರಿನಲ್ಲೇ ನಿಂತು ವೇಗ ಹೊಂದಿಸಿಕೊಂಡು ಸಮಯಕ್ಕೆ ಸರಿಯಾಗಿ ತಲುಪುವಂತೆ ಕ್ಯಾಪ್ಟನ್‌ಗೆ ತಿಳಿಸಿ.

ಎರಡನೆಯದು ಗಾಳಿ. ಹಗಲೇರಿದಂತೆ ಕಡಲಿನಿಂದ ಬೀಸುವ ಗಾಳಿಯನ್ನು ಜಮೈಕಾದವರು ‘ಡಾಕ್ಟರ್’ ಎನ್ನುತ್ತಾರೆ, ರಾತ್ರಿ ಬೆಟ್ಟದಿಂದಿಳಿಯುವ ಭೂಗಾಳಿಯನ್ನು ‘ಅಂಡರ್‌ಟೇಕರ್’, ಅಂದರೆ ಹೆಣ ಸಾಗಿಸುವವ, ಎನ್ನುತ್ತಾರೆ. ಕಿಂಗ್‌ಸ್ಟನ್‌ನಲ್ಲಿ ಮಧ್ಯಾಹ್ನದ ಡಾಕ್ಟರ್ ಗಾಳಿ ವ್ಯಾಪಾರ ಮಾರುತದ ಜೊತೆ ಸೇರಿದಾಗ 20 ನಾಟ್ (ಗಂಟೆಗೆ 20 ನಾಟಿಕಲ್ ಮೈಲಿ) ದಾಟುವುದು ಸಾಮಾನ್ಯ. ಅರ್ಧ ಖಾಲಿ ಹಡಗು ಎತ್ತರಕ್ಕೆ ಎದ್ದು ನಿಂತಿರುತ್ತದೆ, ಗಾಳಿ ಹಿಡಿಯುವ ಮೈ ಜಾಸ್ತಿ. ನಿಮ್ಮ ಹಡಗು 14,000 ಟನ್ ಮಾತ್ರ ಹೊತ್ತಿರುವುದರಿಂದ ಈ ಮಾತು ಒಳಗೆ ಬರುವಾಗಲೂ ಅನ್ವಯಿಸುತ್ತದೆ. ಬರ್ತ್‌ಗೆ ಸೇರುವುದು, ಬಿಡುವುದು ಎರಡನ್ನೂ ಬೆಳಗಿನ ಹೊತ್ತಿಗೆ ಇಟ್ಟುಕೊಂಡರೆ ಒಂದು ಟಗ್‌ನ (ಹಡಗನ್ನು ಎಳೆದು ತಳ್ಳುವ ದೋಣಿಯ) ಖರ್ಚು ಉಳಿಯಬಹುದು. ಮಧ್ಯಾಹ್ನಕ್ಕೆ ಬಿದ್ದರೆ ಹೆಚ್ಚುವರಿ ಟಗ್‌ನ ಖರ್ಚನ್ನು ಮುಂಚೆಯೇ ಅಂದಾಜಿನಲ್ಲಿ ಸೇರಿಸಿ.

ಮೂರನೆಯದು, ಕಬ್ಬಿಣದವರಿಗೆ ಬಹಳ ಬೇಕಾದದ್ದು: ಮಳೆ. ಕಿಂಗ್‌ಸ್ಟನ್ ಇರುವುದು ಬ್ಲೂ ಮೌಂಟನ್ ಸಾಲಿನ ಮಳೆ ನೆರಳಿನಲ್ಲಿ. ಸಹ್ಯಾದ್ರಿಯ ಆಗುಂಬೆಗೂ ಆಚೆಯ ಚಿತ್ರದುರ್ಗಕ್ಕೂ ಇರುವ ವ್ಯತ್ಯಾಸ ನೆನಪಿಸಿಕೊಳ್ಳಿ. 2,256 ಮೀಟರ್ ಎತ್ತರದ ಆ ಶಿಖರದ ಆಚೆಗಿನ ಪೋರ್ಟ್ ಆಂಟೋನಿಯೊ ಕಡೆ ಧಾರಾಕಾರ ಸುರಿದರೂ ಈಚೆಯ ರಾಜಧಾನಿ ಬಹಳಷ್ಟು ದಿನ ಒಣಗಿರುತ್ತದೆ. ದ್ವೀಪಕ್ಕೆ ಮಳೆ ಎರಡು ಸಲ ಏರುತ್ತದೆ: ಮೇ ಆಸುಪಾಸು ಒಮ್ಮೆ, ಅಕ್ಟೋಬರ್ ಆಸುಪಾಸು ಇನ್ನೊಮ್ಮೆ. ಆ ತಿಂಗಳುಗಳಲ್ಲಿ ಹ್ಯಾಚ್ (ಹೋಲ್ಡಿನ ಮುಚ್ಚಳ) ಮುಚ್ಚಿ ತೆರೆಯುವ ಗಂಟೆಗಳ ಲೆಕ್ಕ ಇಡಲೇಬೇಕು. ಲೇಟೈಮ್ (ಸರಕು ಏರಿಸಿ ಇಳಿಸಲು ಕರಾರಿನಲ್ಲಿ ಕೊಟ್ಟ ಸಮಯ) ಜಗಳಗಳಲ್ಲಿ ಅರ್ಧ ಹುಟ್ಟುವುದು ಅಲ್ಲಿಂದ.

ಮಾಂಟೆಗೋ ಬೇಗೆ ಬರೋಣ. 2025ರ ಅಕ್ಟೋಬರ್ 28ರಂದು ಮೆಲಿಸಾ ಚಂಡಮಾರುತ ಐದನೇ ದರ್ಜೆಯ ಬಲದೊಂದಿಗೆ ನೈಋತ್ಯ ಜಮೈಕಾದಲ್ಲಿ ನೆಲ ಮುಟ್ಟಿತು. ವೆಸ್ಟ್‌ಮೋರ್‌ಲ್ಯಾಂಡ್, ಸೇಂಟ್ ಎಲಿಜಬೆತ್, ಸೇಂಟ್ ಜೇಮ್ಸ್ ಜಿಲ್ಲೆಗಳಲ್ಲಿ ಮನೆ, ಶಾಲೆ, ಆಸ್ಪತ್ರೆಗಳ ಸೂರು ಹಾರಿತು. ಪಶ್ಚಿಮಕ್ಕೆ ಕಬ್ಬಿಣ, ಮರ, ತಗಡು ಬೇಕಾದಾಗ ನಕಾಶೆಯಲ್ಲಿ ಹತ್ತಿರ ಕಾಣುವುದು ಮಾಂಟೆಗೋ ಬೇ. ಆದರೆ ಮೂರು ಸಂಗತಿ ನೋಡದೆ ಒಪ್ಪಬೇಡಿ.

ಒಂದು, ಅದರ ಬಾಯಿ ಇರುವುದು ವಾಯವ್ಯಕ್ಕೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಉತ್ತರ ಅಮೆರಿಕದಿಂದ ಇಳಿಯುವ ಶೀತಗಾಳಿಯನ್ನು ಅಲ್ಲಿ ‘ನಾರ್ದರ್’ ಎನ್ನುತ್ತಾರೆ. ಗಾಳಿ ಬಂದು ಹೋದ ಮೇಲೂ ಅಲೆಯ ಉಬ್ಬು ಒಳಗೆ ನುಗ್ಗುತ್ತಲೇ ಇರುತ್ತದೆ, ಹಡಗು ಬರ್ತ್ ಪಕ್ಕದಲ್ಲೇ ಹಿಂದೆ ಮುಂದೆ ಜೀಕುತ್ತದೆ. ಕ್ರೇನಿನ ಕೊಕ್ಕೆಯಲ್ಲಿ 12 ಮೀಟರ್ ಉದ್ದದ ಕಂಬಿಯ ಕಟ್ಟು ನೇತಾಡುತ್ತಿರುವಾಗ ಹೀಗಾದರೆ ಕೆಳಗಿರುವವರ ಪ್ರಾಣಕ್ಕೇ ಅಪಾಯ. ಕೆಲಸ ನಿಲ್ಲಿಸುವುದೊಂದೇ ದಾರಿ. ಎರಡು, ಸರಕು ಮತ್ತು ಕ್ರೂಸ್ ಎರಡೂ ಒಂದೇ ಫ್ರೀಪೋರ್ಟ್ ಆವರಣದಲ್ಲಿವೆ. ಕ್ರೂಸ್ ಹಡಗುಗಳ ವೇಳಾಪಟ್ಟಿ ತಿಂಗಳುಗಟ್ಟಲೆ ಮುಂಚೆ ನಿಗದಿಯಾಗಿರುತ್ತದೆ ಮತ್ತು ಅವುಗಳ ಸುಗ್ಗಿಯೂ ಚಳಿಗಾಲವೇ. ನಿಮ್ಮ ಹಡಗು ನಡುವೆ ಬರ್ತ್ ಬಿಟ್ಟುಕೊಡಬೇಕಾದರೆ ಆ ಸ್ಥಳಾಂತರದ ಪೈಲಟ್, ಟಗ್, ಸಮಯ ಯಾರ ಲೆಕ್ಕಕ್ಕೆ ಎಂಬುದನ್ನು ಚಾರ್ಟರ್ ಪಾರ್ಟಿಯಲ್ಲೇ ಬರೆಸಿ. ಮೂರು, ದಡದ ಮೇಲಿನ ಸೌಕರ್ಯ ಕಿಂಗ್‌ಸ್ಟನ್‌ನಷ್ಟಿಲ್ಲ. ನಿಮ್ಮ ಹಡಗಿಗೆ ಸ್ವಂತ ಕ್ರೇನ್ ಇರುವುದು ಇಲ್ಲಿ ಉಪಕಾರಕ್ಕೆ ಬರುತ್ತದೆ. ಜೊತೆಗೆ, ಚಂಡಮಾರುತದ ಹಿಂದಿನ ಆಳದ ಪಟ್ಟಿಯನ್ನು ಯಾರಾದರೂ ಕಳಿಸಿದರೆ ಒಪ್ಪಿಕೊಳ್ಳಬೇಡಿ. ದಿನಾಂಕ ಇರುವ ಇತ್ತೀಚಿನ ಸೌಂಡಿಂಗ್ (ಆಳದ ಅಳತೆ) ಕೇಳಿ.

ಈಗ ನಿಮ್ಮ ನಿಜವಾದ ಪ್ರಶ್ನೆ: ಒಂದು ಬಂದರೋ ಎರಡೋ? ಇದು ಅಭಿಪ್ರಾಯದ ಮಾತಲ್ಲ, ಲೆಕ್ಕದ ಮಾತು. ಕಿಂಗ್‌ಸ್ಟನ್‌ನಿಂದ ಮಾಂಟೆಗೋ ಬೇಗೆ ರಸ್ತೆಯಲ್ಲಿ ಹತ್ತಿರ ಹತ್ತಿರ 180 ಕಿ.ಮೀ. 2016ರಲ್ಲಿ ಪೂರ್ತಿ ತೆರೆದ ಉತ್ತರ–ದಕ್ಷಿಣ ಟೋಲ್ ಹೆದ್ದಾರಿ ಓಚೊ ರಿಯೋಸ್ ಹತ್ತಿರದವರೆಗೆ ಒಯ್ಯುತ್ತದೆ, ಅಲ್ಲಿಂದ ಕರಾವಳಿ ರಸ್ತೆ. ಕಡಲಲ್ಲಿ ದ್ವೀಪ ಸುತ್ತಿ ಹೋಗಲು ನಿಮ್ಮ ಹಡಗಿಗೆ ಸುಮಾರು ಅರ್ಧ ದಿನ. 6,000 ಟನ್ನನ್ನು 25 ಟನ್ನಿನ ಲಾರಿಯಲ್ಲಿ ಸಾಗಿಸಿದರೆ 240 ಟ್ರಿಪ್.

ಕೆಳಗಿನ ದರಗಳು ಲೆಕ್ಕದ ರೀತಿ ತೋರಿಸಲು ನಾನು ಇಟ್ಟುಕೊಂಡವು. ನಿಮ್ಮ ಏಜೆಂಟ್ ಕೊಡುವ ಅಂಕಿಗಳನ್ನು ಅಲ್ಲಿ ಕೂರಿಸಿ. ಎರಡನೇ ಬಂದರಿನ ಖರ್ಚು (ಪೈಲಟ್, ಟಗ್, ಬಂದರು ಶುಲ್ಕ, ದೀಪದ ಶುಲ್ಕ, ಏಜೆನ್ಸಿ) 40,000 ಡಾಲರ್ ಎನ್ನಿ. ಹೆಚ್ಚುವರಿ ಸಮಯ ಒಂದೂವರೆ ದಿನ, ಹಡಗಿನ ದಿನದ ಬೆಲೆ 14,000 ಎಂದರೆ 21,000. ಇಂಧನ 15 ಟನ್, ಟನ್ನಿಗೆ 600ರಂತೆ 9,000. ಒಟ್ಟು 70,000 ಡಾಲರ್. ಕಿಂಗ್‌ಸ್ಟನ್‌ನಲ್ಲೇ ಇಳಿಸಿ ಪಶ್ಚಿಮಕ್ಕೆ ಲಾರಿಯಲ್ಲಿ ಒಯ್ಯಲು ಟನ್ನಿಗೆ 25 ಡಾಲರ್ ಹೆಚ್ಚಾಗುವುದಾದರೆ 6,000 ಟನ್ನಿಗೆ 1,50,000. ಅಂದರೆ ಎರಡನೇ ಬಂದರು ಸ್ಪಷ್ಟವಾಗಿ ಗೆಲ್ಲುತ್ತದೆ. ಸಮಸಮ ಆಗುವ ಜಾಗ 70,000 ಭಾಗಿಸು 25, ಅಂದರೆ 2,800 ಟನ್. ಪಶ್ಚಿಮದ ಸರಕು ಅದಕ್ಕಿಂತ ಕಡಿಮೆಯಿದ್ದರೆ ಲಾರಿ, ಹೆಚ್ಚಿದ್ದರೆ ಹಡಗು. ಆದರೆ ಲಾರಿ ಬಾಡಿಗೆ ಕೊಡುವವರು ಸರಕಿನವರು, ಎರಡನೇ ಬಂದರಿನ ಹೊರೆ ಹೊರುವವರು ನೀವು. ‘ಒಂದು ಅಥವಾ ಎರಡು ಬಂದರು’ ಎಂಬ ಸಾಲಿಗೆ ಎರಡನೇ ಬಂದರಿನ ಹೆಚ್ಚುವರಿ ಬಾಡಿಗೆಯನ್ನು ಸೇರಿಸದೆ ಸಹಿ ಹಾಕಿದ್ದರೆ ಆ 70,000 ನಿಮ್ಮ ಜೇಬಿನಿಂದ ಹೋಗುತ್ತದೆ. ಇನ್ನೂ ಮಾತುಕತೆ ನಡೆಯುತ್ತಿದ್ದರೆ ಈಗಲೇ ಅದನ್ನು ಸರಿಪಡಿಸಿ.

ಈ ಲೆಕ್ಕದ ಆಧಾರದ ಮೇಲೆ ನನ್ನ ಸಲಹೆ ಎರಡು ಬಂದರು, ಮೊದಲು ಮಾಂಟೆಗೋ ಬೇ, ಆಮೇಲೆ ಕಿಂಗ್‌ಸ್ಟನ್. ಅಟ್ಲಾಂಟಿಕ್ ದಾಟಿ ಕ್ಯೂಬಾ–ಹೈಟಿ ನಡುವಿನ ವಿಂಡ್‌ವರ್ಡ್ ಪ್ಯಾಸೇಜ್ ಮೂಲಕ ಬಂದರೆ ಉತ್ತರ ತೀರ ದಾರಿಯಲ್ಲೇ ಸಿಗುತ್ತದೆ. ಅಲ್ಲಿ ಇಳಿಸಿ, ನೆಗ್ರಿಲ್ ಮೂಲೆ ಸುತ್ತಿ ದಕ್ಷಿಣ ತೀರಕ್ಕೆ ಬಂದು ಕಿಂಗ್‌ಸ್ಟನ್‌ನಲ್ಲಿ ಖಾಲಿಯಾದರೆ ಅಲ್ಯೂಮಿನಾ ಧಕ್ಕೆಗಳು ಪಕ್ಕದಲ್ಲೇ. ಆದರೆ ಈ ಕ್ರಮವನ್ನು ಕಲ್ಲಿನ ಮೇಲೆ ಬರೆಯಬೇಡಿ. ನಾರ್ದರ್ ಎದ್ದರೆ ಅದಲು ಬದಲು ಮಾಡಲು ಬರಬೇಕು. ಅದಕ್ಕೆ ಟರ್ಕಿಯಲ್ಲಿ ತುಂಬುವಾಗಲೇ ಎರಡು ಬಂದರಿನ ಸರಕನ್ನು ಒಂದರ ಮೇಲೊಂದು ಹಾಕದೆ ಹೋಲ್ಡ್‌ವಾರು ಬೇರ್ಪಡಿಸಬೇಕು: ಉದಾಹರಣೆಗೆ 2 ಮತ್ತು 4ನೇ ಹೋಲ್ಡ್ ಪಶ್ಚಿಮಕ್ಕೆ, 1, 3, 5 ಕಿಂಗ್‌ಸ್ಟನ್‌ಗೆ. ಯಾವ ಗುಂಪು ಮೊದಲು ಖಾಲಿಯಾದರೂ ಟ್ರಿಮ್ (ಮುಂದೆ ಹಿಂದೆ ಮುಳುಗುವಿಕೆಯ ವ್ಯತ್ಯಾಸ), ಹಡಗಿನ ಒಡಲಿನ ಮೇಲಿನ ಒತ್ತಡ, ಸ್ಥಿರತೆ ಮೂರೂ ಮಿತಿಯೊಳಗಿವೆ ಎಂದು ಮುಖ್ಯ ಅಧಿಕಾರಿ ಎರಡೂ ಕ್ರಮಕ್ಕೆ ಲೆಕ್ಕ ಹಾಕಿ ಕೊಡಬೇಕು. ಕಬ್ಬಿಣ ಹೋಲ್ಡಿನ ತಳದಲ್ಲಿ ಕೂರುವುದರಿಂದ ಹಡಗು ಗಡುಸಾಗಿ, ಜೋರಾಗಿ ಹೊರಳುತ್ತದೆ. ಸರಕು ಬಿಗಿದ ಕಟ್ಟಿಗೆ, ಅಂದರೆ ಲ್ಯಾಷಿಂಗ್‌ಗೆ, ಅದೇ ಶತ್ರು. ಎರಡು ಪಾಲಿಗೂ ಬೇರೆ ಬೇರೆ ಬಣ್ಣದ ಗುರುತು ಹಚ್ಚಿಸಿ. ಇಲ್ಲವಾದರೆ ಬಂದರಿನಲ್ಲಿ ಎಣಿಕೆ ತಪ್ಪುತ್ತದೆ, ಕೊರತೆಯ ದಾವೆ ಹಡಗಿನ ಮೇಲೆ ಬೀಳುತ್ತದೆ.

ಇಳಿಸುವ ವೇಗದ ಬಗ್ಗೆ ಯಾರಾದರೂ ಹೊಳೆಯುವ ಅಂಕಿ ಕೊಟ್ಟರೆ ಹೀಗೆ ಪರೀಕ್ಷಿಸಿ. 2 ಟನ್ನಿನ ಕಟ್ಟು ನಾಲ್ಕು ಸೇರಿ ಒಂದು ಎತ್ತುವಿಕೆಗೆ 8 ಟನ್. ಗಂಟೆಗೆ 10 ಎತ್ತುವಿಕೆ ಎಂದರೆ ಒಂದು ಕ್ರೇನಿಗೆ 80 ಟನ್, ಮೂರು ಕ್ರೇನಿಗೆ 240. ದಿನಕ್ಕೆ 16 ಗಂಟೆ ಕೆಲಸವಾದರೆ 3,840 ಟನ್. ಕಾಗದದ ಮೇಲೆ ಕಿಂಗ್‌ಸ್ಟನ್ ಪಾಲಿನ 8,000 ಟನ್ ಎರಡು ದಿನ ಚಿಲ್ಲರೆಯಲ್ಲಿ ಮುಗಿಯಬೇಕು. ಆದರೆ 240 ಟನ್ ಸಾಗಿಸಲು ಗಂಟೆಗೆ ಹತ್ತು ಲಾರಿ ಬೇಕು. ಗೋದಾಮು ಹತ್ತಿರವಿದ್ದು ಒಂದು ಸುತ್ತಿಗೆ ಒಂದೂವರೆ ಗಂಟೆ ಹಿಡಿದರೆ 15 ಲಾರಿ ಬಿಡುವಿಲ್ಲದೆ ಓಡಬೇಕು. ಸರಕುದಾರ ಎಂಟೇ ಲಾರಿ ತಂದರೆ ಮೂರು ಕ್ರೇನಿನಲ್ಲಿ ಸುಮಾರು ಒಂದೂವರೆ ಸುಮ್ಮನೆ ನಿಲ್ಲುತ್ತದೆ. ಕಬ್ಬಿಣದ ಹಡಗು ಜಾಸ್ತಿ ಕಾಯುವುದು ಬರ್ತ್‌ಗಲ್ಲ, ಲಾರಿಗೆ. ಇದಕ್ಕೆ ಮದ್ದು ಧಕ್ಕೆಯ ಹಿಂದಿನ ಅಂಗಳದಲ್ಲಿ ಪೇರಿಸುವುದು. ಅದಕ್ಕೆ ಎರಡು ಪ್ರಶ್ನೆ: ಬಾಡಿಗೆಯಿಲ್ಲದೆ ಎಷ್ಟು ದಿನ ಇಡಬಹುದು, ಮತ್ತು ಧಕ್ಕೆಯ ನೆಲ ಚದರ ಮೀಟರಿಗೆ ಎಷ್ಟು ಟನ್ ತಾಳುತ್ತದೆ. ಕಂಬಿ ಕಟ್ಟುಗಳನ್ನು ಆಳೆತ್ತರಕ್ಕೆ ಪೇರಿಸಿದರೆ ಚದರ ಮೀಟರಿಗೆ ಹಲವು ಟನ್ ಬೀಳುತ್ತದೆ, ಹಳೆಯ ಕಂಬಗಳ ಮೇಲೆ ನಿಂತ ಧಕ್ಕೆಗೆ ಅದು ತಮಾಷೆಯಲ್ಲ.

ಡ್ರಾಫ್ಟ್, ಅಂದರೆ ಹಡಗು ನೀರಿನಲ್ಲಿ ಮುಳುಗುವ ಆಳ, ಈ ಸಲ ನಿಮಗೆ ತಲೆನೋವಲ್ಲ. 14,000 ಟನ್ನಿಗೆ ಹಡಗು ತನ್ನ ಪೂರ್ಣ ಡ್ರಾಫ್ಟ್‌ಗಿಂತ ಬಹಳ ಮೇಲೆ ತೇಲುತ್ತದೆ. ಆದರೆ ಅಲ್ಯೂಮಿನಾ ತುಂಬಿ ಹೊರಡುವಾಗ ಪ್ರತಿ ಸೆಂಟಿಮೀಟರ್ ದುಡ್ಡು, ಆದ್ದರಿಂದ ಲೆಕ್ಕ ತಿಳಿದಿರಲಿ. ಜಮೈಕಾದಲ್ಲಿ ಉಬ್ಬರ ಇಳಿತದ ಅಂತರ ಒಂದು ಅಡಿಯ ಆಸುಪಾಸು ಅಷ್ಟೇ. ಕಾಂಡ್ಲಾದಲ್ಲಿ ಆರು ಮೀಟರ್ ಉಬ್ಬರ ನೋಡಿ ‘ನೀರೇರಿದಾಗ ಹೊರಟರಾಯಿತು’ ಎಂದು ಅಭ್ಯಾಸವಾದವರಿಗೆ ಇಲ್ಲಿ ಆ ಆಸರೆ ಇಲ್ಲ. ಬರ್ತ್‌ನಲ್ಲಿ ಇವತ್ತಿರುವ ನೀರೇ ನಾಳೆಯೂ ಇರುವುದು.

ಕೀಲಿನ (ಹಡಗಿನ ತಳದ) ಕೆಳಗಿನ ನೀರು ತಿನ್ನುವವು ಮೂರು. ಮೊದಲನೆಯದು ಸ್ಕ್ವಾಟ್, ಅಂದರೆ ಚಲಿಸುವಾಗ ಹಡಗು ಹೆಚ್ಚು ಇಳಿಯುವುದು: ತೆರೆದ ಆಳವಿಲ್ಲದ ನೀರಿನಲ್ಲಿ ಬ್ಲಾಕ್ ಗುಣಾಂಕವನ್ನು (ಹಡಗಿನ ಮುಳುಗಿದ ಭಾಗ ಪೆಟ್ಟಿಗೆಯ ಆಕಾರಕ್ಕೆ ಎಷ್ಟು ಹತ್ತಿರ ಎಂಬ ಅಂಕಿ) ನಾಟ್‌ನಲ್ಲಿರುವ ವೇಗದ ವರ್ಗದಿಂದ ಗುಣಿಸಿ ನೂರರಿಂದ ಭಾಗಿಸಿ. ಗುಣಾಂಕ 0.85, ವೇಗ 8 ನಾಟ್ ಆದರೆ 0.54 ಮೀಟರ್; 6 ನಾಟ್‌ಗೆ ಇಳಿಸಿದರೆ 0.31. ಇಕ್ಕಟ್ಟಾದ ಕಾಲುವೆಯಲ್ಲಿ ಇವೆರಡನ್ನೂ ದುಪ್ಪಟ್ಟು ಮಾಡಿ. ಎರಡನೆಯದು ವಾಲುವಿಕೆ: 30 ಮೀಟರ್ ಅಗಲದ ಹಡಗು ಒಂದೇ ಡಿಗ್ರಿ ವಾಲಿದರೂ ತಗ್ಗಿದ ಬದಿಯಲ್ಲಿ 26 ಸೆಂಟಿಮೀಟರ್ ಹೆಚ್ಚು ಮುಳುಗುತ್ತದೆ. ಮೂರನೆಯದು ನೀರಿನ ಸಾಂದ್ರತೆ: ರಿಯೊ ಕೋಬ್ರೆ ನದಿಯೂ ಸ್ಯಾಂಡಿ ಗಲ್ಲಿ ಎಂಬ ದೊಡ್ಡ ಮಳೆಗಾಲುವೆಯೂ ಕಿಂಗ್‌ಸ್ಟನ್ ಬಂದರಿನ ಹಂಟ್ಸ್ ಬೇಗೆ ಬಂದು ಬೀಳುತ್ತವೆ. ಜೋರು ಮಳೆಯ ಮರುದಿನ ಕಡಲ ನೀರಿನ 1.025 ಎಂದು ಕಣ್ಣುಮುಚ್ಚಿ ಬರೆಯಬೇಡಿ, ಹೈಡ್ರೋಮೀಟರ್ ಇಳಿಸಿ ನೋಡಿ. ಸಿಹಿನೀರಿನ ಭತ್ಯೆ (ಕಡಲಿನಿಂದ ಸಿಹಿನೀರಿಗೆ ಬಂದಾಗ ಹೆಚ್ಚು ಮುಳುಗುವ ಆಳ) 240 ಮಿ.ಮೀ. ಇರುವ ಹಡಗು 1.015 ಸಾಂದ್ರತೆಯಲ್ಲಿ 96 ಮಿ.ಮೀ. ಹೆಚ್ಚು ಇಳಿಯುತ್ತದೆ.

ಚಾರ್ಟರ್ ಪಾರ್ಟಿಯ ಮಾತುಗಳಲ್ಲಿ ‘ಸುರಕ್ಷಿತ ಬಂದರು’ ಎಂಬುದರ ಜೊತೆ ‘ಸುರಕ್ಷಿತ ಬರ್ತ್, ಸದಾ ತೇಲುತ್ತ’ ಎಂಬುದೂ ಇರಲಿ. ಬರ್ತ್ ಖಾಲಿ ಇಲ್ಲದಿದ್ದರೂ ನೋಟಿಸ್ ಆಫ್ ರೆಡಿನೆಸ್ (ಹಡಗು ಸಿದ್ಧ ಎಂಬ ಸೂಚನೆ) ಕೊಡುವ ಹಕ್ಕು ಬರೆದಿರಬೇಕು. ಇಲ್ಲದಿದ್ದರೆ ಹೊರಗೆ ಲಂಗರು ಹಾಕಿ ಕಾದ ದಿನಗಳು ನಿಮ್ಮವೇ. ರಜೆಗಳನ್ನು ಬಿಟ್ಟು ಎಣಿಸುವ ಒಪ್ಪಂದವಾದರೆ ಜಮೈಕಾದ ಪಟ್ಟಿ ನೋಡಿ: ಆಶ್ ವೆಡ್ನೆಸ್‌ಡೇ, ಗುಡ್ ಫ್ರೈಡೇ, ಈಸ್ಟರ್ ಸೋಮವಾರ, ಮೇ 23, ಆಗಸ್ಟ್ 1 ಮತ್ತು 6, ಅಕ್ಟೋಬರ್‌ನ ಮೂರನೇ ಸೋಮವಾರ, ಕ್ರಿಸ್‌ಮಸ್ ಮತ್ತು ಅದರ ಮರುದಿನ, ಹೊಸ ವರ್ಷ. ಆಗಸ್ಟ್ ಮೊದಲ ವಾರ ಎರಡು ರಜೆ ಅಂಟಿಕೊಂಡು ಬರುವುದನ್ನು ದುಬೈಯಲ್ಲಿ ಕೂತವರು ಗಮನಿಸುವುದೇ ಇಲ್ಲ.

ಕಾಗದಪತ್ರಗಳಲ್ಲಿ ಕಡೆಯ ಹತ್ತು ಬಂದರುಗಳ ಭದ್ರತಾ ವಿವರ, ಆರೋಗ್ಯ ಘೋಷಣೆ, ಸಿಬ್ಬಂದಿ ಪಟ್ಟಿ, ಸುಂಕದವರಿಗೆ ಮುಂಗಡ ಮ್ಯಾನಿಫೆಸ್ಟ್ (ಸರಕಿನ ಪಟ್ಟಿ), ಇವು ಏಜೆಂಟ್ ಮೂಲಕ ಹೋಗುತ್ತವೆ. ಹಡಗು ಈ ನಡುವೆ ಬ್ರೆಜಿಲ್‌ನಂಥ ಹಳದಿ ಜ್ವರದ ದೇಶ ಮುಟ್ಟಿದ್ದರೆ ಪ್ರತಿಯೊಬ್ಬ ಸಿಬ್ಬಂದಿಯ ಲಸಿಕೆ ಪುಸ್ತಕ ಸರಿಯಿರಲಿ. ಕೆರಿಬಿಯನ್ ಬಂದರು ತಪಾಸಣೆ ಒಪ್ಪಂದದ ಕಾರ್ಯಾಲಯ ಇರುವುದೇ ಕಿಂಗ್‌ಸ್ಟನ್‌ನಲ್ಲಿ. ಜೀವರಕ್ಷಕ ದೋಣಿ, ಅಗ್ನಿಶಾಮಕ ಪಂಪ್ ಕೆಲಸ ಮಾಡುತ್ತಿವೆಯೇ ಎಂದು ಬರುವ ಮುಂಚೆಯೇ ನೋಡಿಕೊಳ್ಳಿ. ಮುಂದಿನ ಬಂದರು ಅಮೆರಿಕವಾದರೆ 96 ಗಂಟೆ ಮುಂಚೆ ಅಲ್ಲಿನ ಕೋಸ್ಟ್ ಗಾರ್ಡ್‌ಗೆ ಸೂಚನೆ ಹೋಗಬೇಕು.

ಮಾದಕ ವಸ್ತುವಿನ ಅಪಾಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಈ ಕಡಲು ದಕ್ಷಿಣ ಅಮೆರಿಕದ ಕೊಕೇನ್ ಉತ್ತರಕ್ಕೆ ಸಾಗುವ ದಾರಿ. ಹಡಗಿನ ಹೊರಮೈಗೆ, ನೀರೊಳಗಿನ ಸೀ ಚೆಸ್ಟ್ (ಕಡಲ ನೀರು ಒಳಗೆಳೆಯುವ ಗೂಡು) ಜಾಲರಿಯ ಹಿಂದೆ, ಚುಕ್ಕಾಣಿಯ ಮೇಲಿನ ಪೊಳ್ಳಿನಲ್ಲಿ ಕಟ್ಟಿ ಬಿಡುತ್ತಾರೆ. ಮುಂದಿನ ಬಂದರಿನಲ್ಲಿ ಸಿಕ್ಕಿದರೆ ತಿಂಗಳುಗಟ್ಟಲೆ ಬಂಧನದಲ್ಲಿ ಕೊಳೆಯುವವರು ಏನೂ ಅರಿಯದ ನಾವಿಕರು. ಗ್ಯಾಂಗ್‌ವೇಯಲ್ಲಿ ಎರಡು ಆಳು, ರಾತ್ರಿ ಕಡಲ ಬದಿಗೂ ದೀಪ, ಬಳಸದ ಬಾಗಿಲುಗಳಿಗೆ ಸಂಖ್ಯೆಯಿರುವ ಸೀಲ್, ಹೊರಡುವ ಮುಂಚೆ ಮುಳುಗುಗಾರರಿಂದ ತಳದ ತಪಾಸಣೆ, ಅದರ ವಿಡಿಯೊ ಮತ್ತು ವರದಿ, ಲಾಗ್ ಪುಸ್ತಕದಲ್ಲಿ ನಮೂದು. ತಪಾಸಣೆ ಮುಗಿದ ಮೇಲೆ ತಡಮಾಡದೆ ಹೊರಡಬೇಕು. ನಡುವೆ ಆರು ಗಂಟೆ ಬಿಟ್ಟರೆ ಆ ತಪಾಸಣೆಗೆ ಅರ್ಥವಿಲ್ಲ.

ಇನ್ನು ಅಲ್ಯೂಮಿನಾ. ನಮ್ಮ ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆಯಲ್ಲಿ ತಯಾರಾಗುವ ಅದೇ ಬಿಳಿ ಪುಡಿ. ಅಲ್ಲಿನ ಕಂಪನಿಗಳಲ್ಲಿ ವಿಂಡಾಲ್ಕೊದ ಸರಕು ಪೋರ್ಟ್ ಎಸ್ಕಿವೆಲ್‌ನಿಂದ, ಜಮಾಲ್ಕೊದ್ದು ರಾಕಿ ಪಾಯಿಂಟ್‌ನಿಂದ. ಇಲ್ಲಿ ನಿಮಗೆ ಬಂದರಿನ ಆಯ್ಕೆಯೇ ಇಲ್ಲ, ಮಾರುವವರು ಯಾರೋ ಅವರದೇ ಬಂದರು. ನಿಮ್ಮ ಕೈಯಲ್ಲಿರುವುದು ಹೋಲ್ಡಿನ ಶುಚಿ. ಕಬ್ಬಿಣ ಇಳಿಸಿದ ಹೋಲ್ಡಿನಲ್ಲಿ ತುಕ್ಕಿನ ಚೂರು, ತಂತಿ, ಮರದ ತುಂಡು ಉಳಿಯುತ್ತವೆ. ಬಿಳಿ ಪುಡಿಯಲ್ಲಿ ಒಂದು ಹಿಡಿ ತುಕ್ಕು ಕಂಡರೂ ಸರ್ವೇಯರ್ ಹೋಲ್ಡನ್ನು ತಿರಸ್ಕರಿಸುತ್ತಾರೆ. ಗುಡಿಸಿ, ಸಡಿಲ ತುಕ್ಕು ಕೆರೆದು, ಕಡಲ ನೀರಿನಲ್ಲಿ ತೊಳೆದು, ಸಿಹಿನೀರಿನಲ್ಲಿ ಜಾಲಾಡಿ, ಪೂರ್ತಿ ಒಣಗಿಸಬೇಕು. ಬಿಲ್ಜ್ ಬಾವಿಗಳಿಗೆ (ಹೋಲ್ಡಿನ ತಳದಲ್ಲಿ ನೀರು ಇಂಗುವ ಗುಂಡಿಗಳಿಗೆ) ಗೋಣಿಬಟ್ಟೆ ಬಿಗಿಯಾಗಿ ಕಟ್ಟಿ. ಒದ್ದೆಯಾದ ಅಲ್ಯೂಮಿನಾ ಪಂಪಿಗೆ ಬರುವುದಿಲ್ಲ, ಕೊಳವೆಯಲ್ಲೇ ಗಟ್ಟಿಯಾಗುತ್ತದೆ.

ಎಲ್ಲರೂ ಎಡವುವುದು ತೊಳೆದ ನೀರನ್ನು ಎಲ್ಲಿ ಬಿಡಬೇಕು ಎಂಬಲ್ಲಿ. 2011ರ ಮೇ 1ರಿಂದ ವಿಶಾಲ ಕೆರಿಬಿಯನ್ ಪ್ರದೇಶ ಮಾರ್ಪಾಲ್ (ಹಡಗುಗಳಿಂದ ಕಡಲು ಮಲಿನವಾಗದಂತೆ ತಡೆಯುವ ಅಂತರರಾಷ್ಟ್ರೀಯ ಒಪ್ಪಂದ) ಐದನೇ ಅನುಬಂಧದ ವಿಶೇಷ ವಲಯ. ಸರಕಿನ ಉಳಿಕೆ ಬೆರೆತ ತೊಳೆನೀರನ್ನು ಬಿಡಬೇಕಾದರೆ ಆ ಉಳಿಕೆಯೂ ಮಾರ್ಜಕವೂ ಕಡಲಿಗೆ ಹಾನಿಕರವಲ್ಲದವು ಆಗಿರಬೇಕು, ಹೊರಟ ಬಂದರು ಮತ್ತು ಮುಂದಿನ ಬಂದರು ಎರಡೂ ವಲಯದ ಒಳಗಿದ್ದು ಹಡಗು ನಡುವೆ ವಲಯ ದಾಟಬಾರದು, ಆ ಬಂದರುಗಳಲ್ಲಿ ಸಾಕಷ್ಟು ಸ್ವೀಕಾರ ವ್ಯವಸ್ಥೆ ಇರಬಾರದು, ದಡದಿಂದ ಕನಿಷ್ಠ 12 ನಾಟಿಕಲ್ ಮೈಲಿ ದೂರದಲ್ಲಿ ಹಡಗು ಚಲಿಸುತ್ತಿರಬೇಕು. ಕಿಂಗ್‌ಸ್ಟನ್‌ನಿಂದ ರಾಕಿ ಪಾಯಿಂಟ್‌ಗೆ ತೀರದ ಗುಂಟ ಹೋದರೆ ಈ ದೂರ ಸಿಗುವುದೇ ಇಲ್ಲ. ಬೇಕೆಂದೇ 12 ಮೈಲಿಯ ಆಚೆ, ಆದರೆ ವಲಯದೊಳಗೇ, ಹೋಗಿ ಬರಲು ಒಂದು ದಿನ ಎತ್ತಿಡಿ, ಅಥವಾ ನೀರನ್ನು ಟ್ಯಾಂಕಿನಲ್ಲಿ ಹಿಡಿದಿಡಿ. ಕಬ್ಬಿಣದ ಅಡಿಗೆ ಹಾಕಿದ ಮರದ ದಿಮ್ಮಿಗಳನ್ನಂತೂ ಯಾವ ಕಡಲಿಗೂ ಎಸೆಯುವಂತಿಲ್ಲ. ಕಿಂಗ್‌ಸ್ಟನ್‌ನಲ್ಲೇ ಇಳಿಸಿ ರಸೀದಿ ಪಡೆಯಿರಿ. ಕಿಂಗ್‌ಸ್ಟನ್‌ನಲ್ಲಿ ತುಂಬಿದ ಬ್ಯಾಲಸ್ಟ್ ನೀರೂ (ಖಾಲಿ ಹಡಗಿನ ಸಮತೋಲಕ್ಕೆ ತುಂಬುವ ನೀರು) ಸಂಸ್ಕರಣ ಯಂತ್ರದ ಮೂಲಕವೇ ಹೋಗಬೇಕು. ಮಳೆಯ ಮಾರನೆ ದಿನದ ರಾಡಿ ನೀರಿನಲ್ಲಿ ಫಿಲ್ಟರ್ ಪದೇ ಪದೇ ಕಟ್ಟಿಕೊಳ್ಳುತ್ತದೆ. ಬ್ಯಾಲಸ್ಟ್ ಹಾಕುವ ವೇಗ ಅರ್ಧಕ್ಕಿಳಿಯಬಹುದು ಎಂದು ಸಮಯ ಇಟ್ಟುಕೊಳ್ಳಿ.

ಕಡೆಯದು ತಿಂಗಳು. ಜೂನ್ 1ರಿಂದ ನವೆಂಬರ್ 30 ಚಂಡಮಾರುತದ ಕಾಲ, ಆಗಸ್ಟ್‌ನಿಂದ ಅಕ್ಟೋಬರ್ ಅದರ ನಡುಹೊತ್ತು. 1988ರ ಸೆಪ್ಟೆಂಬರ್ 12ರಂದು ಗಿಲ್ಬರ್ಟ್ ದ್ವೀಪದ ಮೇಲೆಯೇ ಹಾದುಹೋಯಿತು, 2024ರ ಜುಲೈ 3ರಂದು ಬೆರಿಲ್ ದಕ್ಷಿಣ ತೀರವನ್ನು ಸವರಿತು. ಇಂಥ ಸಮಯದಲ್ಲಿ ಬಂದರು ಮುಚ್ಚುತ್ತದೆ. ಕಿಂಗ್‌ಸ್ಟನ್ ಒಳಗೆ ಆಶ್ರಯವಿದೆ ಎಂದು ಬರ್ತ್‌ಗೆ ಅಂಟಿಕೊಂಡಿರುವ ಯೋಚನೆ ಬೇಡ. ದೊಡ್ಡ ಹಡಗಿಗೆ ತೆರೆದ ಕಡಲೇ ಕ್ಷೇಮ, ಬೇಗ ಹೊರಟರೆ ಮಾತ್ರ. 1-2-3 ಸೂತ್ರ ಬಳಸಿ: ಮುನ್ಸೂಚನೆಯಲ್ಲಿ 34 ನಾಟ್ ಗಾಳಿಯ ವಲಯ ಎಷ್ಟಿದೆಯೋ ಅದಕ್ಕೆ 24 ಗಂಟೆಗೆ 100, 48 ಗಂಟೆಗೆ 200, 72 ಗಂಟೆಗೆ 300 ನಾಟಿಕಲ್ ಮೈಲಿ ಸೇರಿಸಿ ಆ ವೃತ್ತದ ಹೊರಗಿರಬೇಕು. ಚಂಡಮಾರುತ ಪಶ್ಚಿಮಕ್ಕೆ ಸಾಗುತ್ತಿದ್ದರೆ ಅದರ ಬಲಬದಿ, ಅಂದರೆ ಉತ್ತರ, ಹೆಚ್ಚು ಅಪಾಯ. ದಕ್ಷಿಣಕ್ಕೆ ಸರಿಯುವುದು ರೂಢಿ. ಅರ್ಧ ಇಳಿಸಿದ ಕಬ್ಬಿಣವನ್ನು ಮತ್ತೆ ಬಿಗಿಯಲು ಎಂಟರಿಂದ ಹತ್ತು ಗಂಟೆ ಬೇಕು. ಆದ್ದರಿಂದ ಆ ತಿಂಗಳುಗಳಲ್ಲಿ ಸ್ಟೀವಡೋರ್‌ಗಳು (ಸರಕು ಏರಿಸಿ ಇಳಿಸುವ ಬಂದರಿನ ಕೆಲಸಗಾರರು) ಪ್ರತಿ ಪಾಳಿಯ ಕೊನೆಗೆ ಸರಕಿನ ಮುಖವನ್ನು ಮಟ್ಟಸವಾಗಿ ಬಿಟ್ಟುಹೋಗಬೇಕು, ಲ್ಯಾಷಿಂಗ್ ಸಾಮಾನನ್ನು ದಡಕ್ಕಿಳಿಸಬಾರದು.

ಏಜೆಂಟ್‌ಗೆ ಇವತ್ತೇ ಹೀಗೆ ಬರೆಯಿರಿ: ‘ಹಡಗಿನ ಉದ್ದ, ಅಗಲ, ಬರುವ ಡ್ರಾಫ್ಟ್ ಇಷ್ಟು. ಕಿಂಗ್‌ಸ್ಟನ್ ವಾರ್ವ್ಸ್ ಮತ್ತು ಮಾಂಟೆಗೋ ಬೇ ಎರಡಕ್ಕೂ ಉದ್ದೇಶಿತ ಬರ್ತ್ ಸಂಖ್ಯೆ, ದಿನಾಂಕ ಸಹಿತ ಸೌಂಡಿಂಗ್, ಕೀಲಿನ ಕೆಳಗೆ ಬಂದರು ಬಯಸುವ ಕನಿಷ್ಠ ನೀರು, ರಾತ್ರಿ ಚಲನೆಗೆ ಅನುಮತಿ, ಟಗ್‌ಗಳ ಸಂಖ್ಯೆ, ಈಗ ಕಾಯುತ್ತಿರುವ ಹಡಗುಗಳು, ಆ ವಾರದ ಕ್ರೂಸ್ ಪಟ್ಟಿ, ಪಾಳಿಗಳ ಸಮಯ, ಧಕ್ಕೆಯ ಭಾರಮಿತಿ, ಕಸ ಮತ್ತು ತೊಳೆನೀರು ಸ್ವೀಕಾರ, ಎರಡು ಬಂದರಿಗೂ ಬೇರೆ ಬೇರೆ ಖರ್ಚಿನ ಅಂದಾಜು ಕಳಿಸಿ.’ ಪಶ್ಚಿಮದ ಸರಕುದಾರನಿಗೂ ಒಂದು ಸಾಲು: ಹಡಗು ಬರ್ತ್‌ಗೆ ಬಂದ ದಿನದಿಂದ ಗಂಟೆಗೆ ಎಷ್ಟು ಲಾರಿ ಕೊಡುತ್ತೀರಿ? ಆ ಉತ್ತರ ಲಿಖಿತವಾಗಿ ಬರುವವರೆಗೆ ಎರಡನೇ ಬಂದರಿಗೆ ಹೂಂ ಎನ್ನಬೇಡಿ.